ಗಂಟೆ ಊರಿನದು

ಪಟ್ಟಣದ ಗದ್ದಲಕ್ಕೆ ಬೇಸತ್ತು, ವರ್ಷಗಳ ಉಳಿತಾಯವನ್ನೆಲ್ಲ ಒಟ್ಟುಗೂಡಿಸಿ, ಫ್ರಾನ್ಸ್ ದೇಶದ ಯಾವುದೋ ಹಳ್ಳಿಯಲ್ಲಿ ಇಗರ್ಜಿಯ ಮಗ್ಗುಲಿಗೆ ಹಳೆಯ ಕಲ್ಲುಮನೆಯೊಂದನ್ನು ಕೊಂಡು ಬಂದ ಕುಟುಂಬವು, ಬಂದ ಕೆಲವೇ ತಿಂಗಳುಗಳಲ್ಲಿ ಆ ಇಗರ್ಜಿಯ ಗಂಟೆಯಿಂದ ತನಗೆ ನಿದ್ರಾಭಂಗವಾಗುತ್ತಿದೆಯೆಂದು ಮೇಯರಿಗೆ ದೂರು ಬರೆಯುವುದೂ, ಮೇಯರು ಸಮ್ಮತಿಸದಿದ್ದಲ್ಲಿ ವಕೀಲರ ಮುಖಾಂತರ ನ್ಯಾಯಾಲಯಕ್ಕೆ ಹೋಗುವುದೂ ಈಗ ಆ ದೇಶದಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಅಲ್ಲಿಯ ವಾಸಗೃಹಗಳಲ್ಲಿ ಸುಮಾರು ಹತ್ತಕ್ಕೆ ಒಂದು, ವರ್ಷದ ಬಹುಭಾಗ ಬಾಗಿಲು ಮುಚ್ಚಿಕೊಂಡಿದ್ದು ರಜೆಯ ದಿನಗಳಲ್ಲಿ ಮಾತ್ರ ತೆರೆಯುವ ಎರಡನೆಯ ಮನೆ. 2020ರ ಮಹಾಮಾರಿಯ ತರುವಾಯ, ಮನೆಯಿಂದಲೇ ಕಚೇರಿಯ ಕೆಲಸ ಮಾಡಬಲ್ಲವರೂ ಹಳ್ಳಿಗಳ ಕಡೆ ಮುಖಮಾಡಿದರು. ಬರುವವರು ಬರಲಿ, ಮುದುಕರೇ ಉಳಿದು ಶಾಲೆಗಳು ಮುಚ್ಚುತ್ತಿರುವ ಊರುಗಳಿಗೆ ಹೊಸ ಸಂಸಾರಗಳು ಬರುವುದು ಭಾಗ್ಯವೇ ಸರಿ. ಆದರೆ ಬಂದವರು ಗಂಟೆಯ ಬಾಯಿ ಕಟ್ಟಿಸಲು ಹೊರಡುವುದು ಅನ್ಯಾಯವೆಂದೂ, ಆ ಬೇಡಿಕೆಗೆ ನ್ಯಾಯಾಲಯಗಳು ಕಿವಿಗೊಡುವುದು ಅದಕ್ಕಿಂತ ದೊಡ್ಡ ತಪ್ಪೆಂದೂ ನಾನು ಹೇಳಬಯಸುತ್ತೇನೆ. ಗಂಟೆಯನ್ನು ಯಾವಾಗ ಬಾರಿಸಬೇಕು, ಯಾವಾಗ ಬಾರಿಸಬಾರದು ಎಂಬುದನ್ನು ನಿಶ್ಚಯಿಸತಕ್ಕದ್ದು ಊರು. ಒಬ್ಬ ನಿವಾಸಿಯ ಅಸಮಾಧಾನವೂ ಅಲ್ಲ, ಶಬ್ದಮಾಪಕ ಯಂತ್ರದ ಅಂಕಿಯೂ ಅಲ್ಲ.

ಇದು ಕೇವಲ ಹಳೆಯದರ ಮೇಲಿನ ಮಮತೆಯಿಂದ ಹುಟ್ಟಿದ ಮಾತಲ್ಲ. ಫ್ರೆಂಚರ ಶಾಸನದಲ್ಲಿಯೇ ಇದಕ್ಕೆ ಆಧಾರವುಂಟು. ಮತಸಂಸ್ಥೆಗಳನ್ನೂ ರಾಜ್ಯವನ್ನೂ ಬೇರ್ಪಡಿಸಿದ 1905ರ ಕಾನೂನು, ಧರ್ಮವನ್ನು ಸಾರ್ವಜನಿಕ ಜೀವನದಿಂದ ಹಿಂದಕ್ಕೆ ಸರಿಸುವುದರಲ್ಲಿ ಕಠಿಣವೆಂದು ಹೆಸರು ಪಡೆದಿದ್ದರೂ, ಗಂಟೆಗಳನ್ನು ಮೂಕಗೊಳಿಸಲಿಲ್ಲ. ಆ ಕಾನೂನಿನ 27ನೆಯ ವಿಧಿಯ ಪ್ರಕಾರ ಗಂಟಾನಾದದ ನಿಯಮವನ್ನು ಊರಿನ ಪೌರಾಡಳಿತವೇ ಆಜ್ಞೆಯ ಮೂಲಕ ಗೊತ್ತುಮಾಡಬೇಕು; ಮೇಯರಿಗೂ ಉಪಾಸಕರ ಸಂಘಕ್ಕೂ ಭಿನ್ನಾಭಿಪ್ರಾಯ ಬಂದರೆ ಮಾತ್ರ ಸರ್ಕಾರದ ಪ್ರತಿನಿಧಿಯಾದ ಪ್ರಿಫೆಕ್ಟನು ನಡುವೆ ಬರತಕ್ಕದ್ದು. ಮರುವರ್ಷದ ಸರ್ಕಾರಿ ಆಜ್ಞೆಯೊಂದು, ಊರಿಗೆಲ್ಲ ಸಮಾನವಾದ ಅಪಾಯ ಒದಗಿದಾಗಲೂ, ಸ್ಥಳೀಯ ರೂಢಿ ಇರುವೆಡೆಯಲ್ಲಿಯೂ, ಇಗರ್ಜಿಯ ಗಂಟೆಯನ್ನು ಲೌಕಿಕ ಕಾರ್ಯಕ್ಕೆ ಬಾರಿಸಬಹುದೆಂದು ಸ್ಪಷ್ಟಪಡಿಸಿತು. ಇದಕ್ಕೂ ಮುಂಚಿನ 1884ರ ಪೌರಾಡಳಿತ ಶಾಸನದಲ್ಲಿ ನನಗೆ ಬಹಳ ಅರ್ಥವತ್ತಾಗಿ ತೋರುವ ಒಂದು ವಿಧಿಯಿತ್ತು: ಗಂಟೆಗೋಪುರಕ್ಕೆ ಎರಡು ಬೀಗದಕೈಗಳಿರಬೇಕು, ಒಂದು ಪಾದ್ರಿಯ ವಶದಲ್ಲಿ, ಇನ್ನೊಂದು ಮೇಯರಿನ ವಶದಲ್ಲಿ. ಪಾದ್ರಿಗೂ ಮೇಯರಿಗೂ ಮುಖ ಕೊಟ್ಟು ಮಾತಿಲ್ಲದಷ್ಟು ವೈರ ಬೆಳೆದಿದ್ದ ಕಾಲದಲ್ಲಿ, ಇಬ್ಬರನ್ನೂ ಒಂದೇ ಗೋಪುರದ ಪಾಲುದಾರರನ್ನಾಗಿ ಮಾಡಿದ ಶಾಸನಕಾರರು, ಗಂಟೆಯು ಭಕ್ತರಿಗೆ ಎಷ್ಟು ಸೇರಿದ್ದೋ ಭಕ್ತಿಯಿಲ್ಲದವರಿಗೂ ಅಷ್ಟೇ ಸೇರಿದ್ದೆಂಬ ಸತ್ಯವನ್ನು ಅರಿತಿದ್ದರು. 1905ಕ್ಕೆ ಮುಂಚೆ ಕಟ್ಟಿದ ಹಳ್ಳಿಯ ಇಗರ್ಜಿಗಳು ಬಹುಮಟ್ಟಿಗೆ ಕಮ್ಯೂನಿನ, ಎಂದರೆ ನಮ್ಮ ಗ್ರಾಮಪಂಚಾಯತಿಗೆ ಸಮಾನವಾದ ಸ್ಥಳೀಯ ಸಂಸ್ಥೆಯ, ಸ್ವತ್ತೇ ಆಗಿವೆ.

ಆ ಗಂಟೆ ಏನನ್ನು ನುಡಿಯುತ್ತದೆಂಬುದನ್ನು ಹೊಸಬರು ವಿಚಾರಿಸುವುದಿಲ್ಲ. ಅವರ ಕಿವಿಗೆ ಬೀಳುವುದು ಬರಿಯ ಸದ್ದು. ಪ್ರಾತಃಕಾಲ, ಮಧ್ಯಾಹ್ನ, ಸಾಯಂಕಾಲ ಮೂರು ಹೊತ್ತಿನಲ್ಲಿಯೂ ಮೂರು ಮೂರು ಪೆಟ್ಟುಗಳಂತೆ ಮೂರಾವರ್ತಿ ನುಡಿದು ಆಮೇಲೆ ತುಂಬುನಾದವಾಗಿ ಹರಿಯುವುದು ಆಂಜೆಲಸ್ ಪ್ರಾರ್ಥನೆಯ ಕರೆ. ಮಿಲೆ ಎಂಬ ಚಿತ್ರಕಾರನು 1857ರಿಂದ 1859ರವರೆಗೆ ಬರೆದ ಪ್ರಖ್ಯಾತ ಚಿತ್ರದಲ್ಲಿ, ಆಲೂಗೆಡ್ಡೆ ಅಗೆಯುತ್ತಿದ್ದ ರೈತ ದಂಪತಿಗಳು ಬುಟ್ಟಿಯನ್ನು ನೆಲಕ್ಕಿಟ್ಟು ತಲೆಬಾಗಿ ನಿಂತಿರುವುದು ಈ ಕರೆಯನ್ನು ಕೇಳಿಯೇ; ದೂರದಲ್ಲಿ ಕಾಣುವ ಗೋಪುರ ಶಾಯಿ ಎಂಬ ಹಳ್ಳಿಯದು. ಸಾವಿಗೆ ಬೇರೆ ನಾದ, ಮದುವೆಗೆ ಬೇರೆ, ಬೆಂಕಿಗೂ ನೆರೆಗೂ ಬೇರೆ. 1914ರ ಆಗಸ್ಟ್ 1ರ ಮಧ್ಯಾಹ್ನ ಸುಗ್ಗಿಯ ಹೊಲಗಳಲ್ಲಿ ದುಡಿಯುತ್ತಿದ್ದ ಲಕ್ಷಾಂತರ ಜನರಿಗೆ ಯುದ್ಧ ಬಂದಿತೆಂದು ತಿಳಿಸಿದ್ದು ಈ ಗಂಟೆಗಳು. ನಾಲ್ಕು ವರ್ಷಗಳ ಮೇಲೆ, ಹೋದವರಲ್ಲಿ ಅದೆಷ್ಟೋ ಮಂದಿ ತಿರುಗಿ ಬಾರದೆ, ನವೆಂಬರ್ 11ರಂದು ಅದು ಮುಗಿಯಿತೆಂದು ಸಾರಿದ್ದೂ ಇವೇ. 1944ರ ಆಗಸ್ಟ್ 24ರ ರಾತ್ರಿ ವಿಮೋಚನೆಯ ಮೊದಲ ತುಕಡಿ ಪ್ಯಾರಿಸನ್ನು ಹೊಕ್ಕಾಗ ನಗರದ ಇಗರ್ಜಿಗಳೆಲ್ಲ ಒಂದಾದಮೇಲೊಂದು ದನಿಗೂಡಿಸಿದವು. 2020ರ ಮಾರ್ಚ್ 25ರ ಸಂಜೆ, ಜನರು ಮನೆಗಳಲ್ಲಿ ದಿಗ್ಬಂಧಿತರಾಗಿ ಸತ್ತವರ ಶವಸಂಸ್ಕಾರಕ್ಕೂ ಹೋಗಲಾರದೆ ಇದ್ದಾಗ, ದೇಶದಾದ್ಯಂತ ಗಂಟೆಗಳು ಏಕಕಾಲದಲ್ಲಿ ನುಡಿದವು. ಆ ಸಂಜೆ ಅವುಗಳನ್ನು ಕೇಳಿದವರಲ್ಲಿ ನಗರವನ್ನು ಬಿಟ್ಟು ಹಳ್ಳಿಗೆ ಬಂದು ಸೇರಿದ್ದವರೂ ಇದ್ದರು.

ಆಲಾಂ ಕೊರ್ಬಾಂ ಎಂಬ ಇತಿಹಾಸಕಾರರು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಹಳ್ಳಿಗಳ ಗಂಟೆಗಳನ್ನೇ ವಿಷಯವಾಗಿಟ್ಟುಕೊಂಡು 1994ರಲ್ಲಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅದಕ್ಕೆ ಹಿನ್ನೆಲೆಯಾಗಿ ನಿಂತಿರುವುದು ಮಹಾಕ್ರಾಂತಿಯ ಕಾಲದ ಲೂಟಿ: 1793ರ ಜುಲೈನಲ್ಲಿ ಕ್ರಾಂತಿಯ ಸರ್ಕಾರವು ಪ್ರತಿಯೊಂದು ಧರ್ಮಕೇಂದ್ರಕ್ಕೂ ಒಂದೇ ಗಂಟೆಯನ್ನು ಉಳಿಸಿ ಮಿಕ್ಕವುಗಳನ್ನು ಫಿರಂಗಿ ಎರಕಕ್ಕೆ ಒಯ್ಯಬೇಕೆಂದು ಆಜ್ಞಾಪಿಸಿತು. ಹಳ್ಳಿಗರು ತಮ್ಮ ಗಂಟೆಗಳನ್ನು ಬಿಟ್ಟುಕೊಡಲಾರದೆ ಹೋರಾಡಿದರು. ಕಳೆದುಕೊಂಡವರು ಕಾಲ ತಿಳಿಯಾದ ಮೇಲೆ ಚಂದಾ ಎತ್ತಿ ಹೊಸ ಗಂಟೆಗಳನ್ನು ಎರಕ ಹೊಯ್ಯಿಸಿದರು. ಅಷ್ಟು ಪ್ರತಾಪಶಾಲಿಯಾಗಿದ್ದ ಸರ್ಕಾರವೂ ಪೂರ್ತಿಯಾಗಿ ಅಡಗಿಸದೆ ಊರಿಗೆ ಒಂದರಂತೆ ಉಳಿಸಿದ ನಾದವನ್ನು, ಮೊನ್ನೆ ಮನೆ ಕೊಂಡವನ ಒಂದು ಅರ್ಜಿಯ ಬಲದಿಂದ ಅಡಗಿಸಲು ಇಂದು ಅವಕಾಶವಿರುವುದು ಹೇಗೆ ಸಮ್ಮತವಾದೀತು?

ಸೆನ್ ನದಿಯ ತೀರದಲ್ಲಿರುವ ಬ್ವಾಸೆಟ್ ಎಂಬ ಪುಟ್ಟ ಊರಿನಲ್ಲಿ ಇದು ನಡೆಯುವ ಹಂತಕ್ಕೆ ಬಂದಿತ್ತು. ಅಲ್ಲಿ ಹೊತ್ತು ತಿಳಿಸುವ ಗಂಟೆಯ ಮೇಲೆ ತಕರಾರು ಎದ್ದಿತು. ಲೌಕಿಕವಾದ ಗಂಟಾನಾದವು 1905ಕ್ಕೆ ಮುಂಚಿನಿಂದಲೂ ಇತ್ತೆಂದು ಊರು ಸಾಧಿಸಿಕೊಡಲಿಲ್ಲವೆಂಬ ಕಾರಣದಿಂದ ಮೇಲ್ಮನವಿಯ ನ್ಯಾಯಾಲಯವು ಊರಿನ ವಿರುದ್ಧ ತೀರ್ಪಿತ್ತಿತು. ನೂರು ವರ್ಷಕ್ಕೂ ಹಿಂದೆ ತಮ್ಮ ಊರಿನ ಗೋಪುರದಲ್ಲಿ ಎಷ್ಟು ಹೊತ್ತಿಗೆ ಎಷ್ಟು ಪೆಟ್ಟು ಬೀಳುತ್ತಿತ್ತೆಂಬುದಕ್ಕೆ ಯಾವ ಹಳ್ಳಿಯವರು ದಾಖಲೆ ಇಟ್ಟುಕೊಂಡಿರುತ್ತಾರೆ? ಕಡೆಗೆ 2015ರ ಅಕ್ಟೋಬರ್ 14ರಂದು, ಅತ್ಯುಚ್ಚ ಆಡಳಿತ ನ್ಯಾಯಪೀಠವಾದ ಕೊನ್ಸೆಯ್ ದೆತಾ, ಸ್ಥಳೀಯ ರೂಢಿ ಎಂಬುದಕ್ಕೆ 1905ರ ಮುಂಚಿನ ಪುರಾವೆ ಬೇಕಾಗಿಲ್ಲ, ಊರಿನಲ್ಲಿ ನಿಯತವಾಗಿ ಸಾಕಷ್ಟು ಕಾಲ ನಡೆದು ಬಂದ ಆಚರಣೆಯಾಗಿದ್ದರೆ ಸಾಕೆಂದು ನಿರ್ಣಯಿಸಿ ಆ ತೀರ್ಪನ್ನು ರದ್ದುಪಡಿಸಿತು. ಸರಿಯಾದ ನಿರ್ಣಯವೇ, ಆದರೆ ಒಂದು ಪುಟ್ಟ ಹಳ್ಳಿಯು ತನ್ನ ಗಂಟೆಗಾಗಿ ಪ್ಯಾರಿಸಿನ ಅತ್ಯುಚ್ಚ ಪೀಠದವರೆಗೂ ಹೋಗಬೇಕಾಯಿತೆಂಬುದು ಸಣ್ಣ ಸಂಗತಿಯಲ್ಲ. ಅಷ್ಟು ದೂರ ಹೋಗಲು ಹಣವೂ ಹಟವೂ ಇಲ್ಲದ ಮೇಯರು ತಂಟೆಯೇ ಬೇಡವೆಂದು ಯಂತ್ರದ ಗುಂಡಿಯನ್ನು ಒತ್ತಿ ಗಂಟೆಯನ್ನು ನಿಲ್ಲಿಸಿಬಿಡುತ್ತಾನೆ. ಅಂತಹ ಸೋಲು ಯಾವ ತೀರ್ಪಿನ ಸಂಪುಟದಲ್ಲಿಯೂ ಕಾಣಸಿಗುವುದಿಲ್ಲ.

ಶಬ್ದವನ್ನು ಅಳೆಯುವ ಕ್ರಮವೇ ಹಳ್ಳಿಗೆ ಪ್ರತಿಕೂಲವಾಗಿರುವುದನ್ನು ಇಲ್ಲಿ ಗಮನಿಸಬೇಕು. ಫ್ರೆಂಚ್ ಸಾರ್ವಜನಿಕ ಆರೋಗ್ಯ ಸಂಹಿತೆಯು ಕೆಲವು ಬಗೆಯ ನೆರೆಹೊರೆಯ ಸದ್ದುಗಳಿಗೆ ವಿಧಿಸಿರುವ ಮಾನದಂಡವು, ಸದ್ದು ತನ್ನಷ್ಟಕ್ಕೆ ಎಷ್ಟು ಗಟ್ಟಿ ಎಂಬುದನ್ನು ಆಧರಿಸಿಲ್ಲ. ಆ ಸದ್ದು ಇಲ್ಲದಾಗ ಆ ಸ್ಥಳದಲ್ಲಿರುವ ಸಹಜ ಶಬ್ದಕ್ಕಿಂತ ಅದು ಎಷ್ಟು ಮೇಲೆದ್ದು ಕೇಳುತ್ತದೆಂಬುದನ್ನು ಆಧರಿಸಿದೆ. ಹಗಲಿನಲ್ಲಿ 5 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ 3 ಡೆಸಿಬೆಲ್. ಸದ್ದು ಅಲ್ಪಕಾಲದ್ದಾದರೆ ಸ್ವಲ್ಪ ರಿಯಾಯಿತಿ. ಮೋಟಾರುಗಳ ನಿರಂತರ ಘೋಷದ ನಡುವೆ ನಗರದಲ್ಲಿ ಗಂಟೆ ಹೊಡೆದರೆ ಅದು ಆ ಘೋಷದಲ್ಲಿಯೇ ಮುಳುಗಿ ಈ ಮಾನದಂಡದಿಂದ ನಿರ್ದೋಷಿಯಾಗಿ ಹೊರಬರುತ್ತದೆ. ಎಲೆ ಅಲುಗಿದರೂ ಕೇಳುವಷ್ಟು ಪ್ರಶಾಂತವಾದ ಹಳ್ಳಿಯಲ್ಲಿ ಅದೇ ಗಂಟೆ ಅದೇ ಬಲದಿಂದ ಹೊಡೆದರೆ ಅಪರಾಧಿಯಾಗುತ್ತದೆ. ಯಾವ ಪ್ರಶಾಂತಿಯನ್ನು ಅರಸಿ ನಗರದವರು ಹಳ್ಳಿಗೆ ಬಂದರೋ, ಯಾವ ಪ್ರಶಾಂತಿಯನ್ನು ಹಳ್ಳಿಯವರು ಕಾಪಾಡಿಕೊಂಡು ಬಂದಿದ್ದರೋ, ಆ ಪ್ರಶಾಂತಿಯೇ ಹಳ್ಳಿಯ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ದೋರ್ದೋಞ್ ಪ್ರಾಂತದ ಗ್ರಿಞೋಲ್ ಎಂಬಲ್ಲಿ ಒಂದು ಮನೆಯ ಕೊಳದ ಕಪ್ಪೆಗಳ ವಟಗುಟ್ಟುವಿಕೆ ಅತಿಯಾಯಿತೆಂದು ನೆರೆಯವರು ದಾವೆ ಹೂಡಿದಾಗ, ಬೋರ್ದೋ ಮೇಲ್ಮನವಿ ನ್ಯಾಯಾಲಯವು 2016ರಲ್ಲಿ ಕೊಳವನ್ನು ಮುಚ್ಚಬೇಕೆಂದು ಆಜ್ಞೆಮಾಡಿತು; ಮರುವರ್ಷ ಅತ್ಯುಚ್ಚ ಸಿವಿಲ್ ಪೀಠವು ಅದನ್ನು ಎತ್ತಿಹಿಡಿಯಿತು. ಸದ್ದು ಎಲ್ಲಿಂದ ಬಂದಿತು, ಯಾವ ಅರ್ಥದ್ದು, ಎಷ್ಟು ಕಾಲದಿಂದ ಅಲ್ಲಿಯದು ಎಂಬುದನ್ನು ಬದಿಗಿಟ್ಟು ಎಷ್ಟು ಡೆಸಿಬೆಲ್ ಎಂದು ಮಾತ್ರ ಕೇಳುವ ನ್ಯಾಯವು ಕಡೆಗೆ ಕೊಳವನ್ನು ಮಣ್ಣಿನಿಂದ ತುಂಬಿಸುವಲ್ಲಿಗೆ ಬಂದು ನಿಲ್ಲುತ್ತದೆ.

2018ರಲ್ಲಿ ದಕ್ಷಿಣದ ಲ ಬೋಸೆ ಎಂಬ ಊರಿಗೆ ಬಂದ ಪ್ರವಾಸಿಗರು, ಮರಗಳಲ್ಲಿ ಕೂಗುವ ಜೀರುಂಡೆಗಳ ಮೇಲೆ ಕೀಟನಾಶಕವನ್ನು ಸಿಂಪಡಿಸಿರೆಂದು ಮೇಯರನ್ನು ಕೇಳಿದರು. 2019ರಲ್ಲಿ ಓಲೆರಾಂ ದ್ವೀಪದ ಮೋರಿಸ್ ಎಂಬ ಹುಂಜವು ಬೆಳಗಿನಲ್ಲಿ ಕೂಗಿದ್ದಕ್ಕಾಗಿ ಅದರ ಒಡತಿ ರೋಶ್‌ಫೋರ್ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಾಯಿತು. ಸೆಪ್ಟೆಂಬರ್ 5ರಂದು ಆಕೆಯ ಪರವಾಗಿ ತೀರ್ಪಾಗಿ, ದೂರು ಕೊಟ್ಟವರು ಸಾವಿರ ಯೂರೋ ಪರಿಹಾರ ತೆರಬೇಕಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಗಜಾಕ್ ಎಂಬ ಹಳ್ಳಿಯ ಮೇಯರು ಬ್ರೂನೊ ದಿಯೊನಿ ದ್ಯು ಸೆಜೂರ್ ಅವರು ಬಹಿರಂಗ ಪತ್ರವೊಂದನ್ನು ಬರೆದು, ಗಂಟೆಯ ನಾದ, ಕೋಳಿಯ ಕೂಗು, ದನದ ಅಂಬಾ ಇವುಗಳನ್ನು ರಾಷ್ಟ್ರದ ಪರಂಪರೆಯೆಂದು ಪರಿಗಣಿಸಬೇಕೆಂದು ಕೇಳಿದರು. ಲೋಜೇರ್ ಪ್ರಾಂತದ ಸಂಸತ್ಸದಸ್ಯರೊಬ್ಬರು ಮಂಡಿಸಿದ ಮಸೂದೆಯು 2021ರ ಜನವರಿ 29ರಂದು ಕಾನೂನಾಗಿ, ಹಳ್ಳಿಗಾಡಿನ ಸದ್ದುಗಳೂ ವಾಸನೆಗಳೂ ರಾಷ್ಟ್ರದ ಸಾಮಾನ್ಯ ಪರಂಪರೆಯ ಒಂದು ಅಂಗವೆಂದು ಪರಿಸರ ಸಂಹಿತೆಯಲ್ಲಿ ಸೇರಿತು. ನಾನು ಅದನ್ನು ಸಂತೋಷದಿಂದ ಸ್ವಾಗತಿಸಿದವನು. ಆದರೂ ಅದು ಗೌರವವನ್ನು ಕೊಟ್ಟಿತೇ ವಿನಾ ಗುರಾಣಿಯನ್ನು ಕೊಡಲಿಲ್ಲ. ಪರಂಪರೆಯೆಂದು ಹೆಸರಿಟ್ಟ ಮಾತ್ರಕ್ಕೆ ದಾವೆ ನಿಲ್ಲುವುದಿಲ್ಲ.

ಎದುರುಪಕ್ಷದ ವಾದಗಳಲ್ಲಿ ಬಲವಾದದ್ದು ನಿದ್ರೆಯದು. ರಾತ್ರಿಯೆಲ್ಲ ಕಾಲುಗಂಟೆಗೊಮ್ಮೆ ಹೊಡೆಯುವ ಗಂಟೆ, ಕಾಯಿಲೆಯವರಿಗೂ ಎಳೆಗೂಸಿನ ತಾಯಿಗೂ ಹಿಂಸೆಯಾಗಬಲ್ಲುದು. ಅದಲ್ಲದೆ ಹಿಂದೆ ಹಗ್ಗ ಹಿಡಿದು ಬಾರಿಸುವ ಮನುಷ್ಯನಿಗೆ ತಾನೂ ಮಲಗಬೇಕಾಗಿದ್ದಿತು. ವಿದ್ಯುತ್ತಿನಿಂದ ನಡೆಯುವ ಇಂದಿನ ಸುತ್ತಿಗೆಗೆ ದಣಿವಿಲ್ಲ. ಈ ನೋವು ಸುಳ್ಳಲ್ಲ, ಅದನ್ನು ಅಲ್ಲಗಳೆಯುವವನು ನಾನಲ್ಲ. ಜೂರಿಕ್ ಸರೋವರದ ದಡದ ವೇಡನ್ಸ್‌ವಿಲ್‌ನಲ್ಲಿ ಇದೇ ಪ್ರಶ್ನೆ ಎದ್ದಾಗ, ರಾತ್ರಿಯ ಕಾಲುಗಂಟೆಯ ಹೊಡೆತವನ್ನು ಕೆಳಗಿನ ನ್ಯಾಯಾಲಯ ನಿಲ್ಲಿಸಹೇಳಿತ್ತು. 2017ರ ಡಿಸೆಂಬರಿನಲ್ಲಿ ಸ್ವಿಸ್ ಪರಮೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ತಳ್ಳಿಹಾಕಿತು. ನನ್ನ ಮಾತು ಇಷ್ಟೇ: ರಾತ್ರಿಯ ಹೊಡೆತವನ್ನು ನಿಲ್ಲಿಸುವುದು ಯುಕ್ತವಾಗಿರಬಹುದು, ಅನೇಕ ಊರುಗಳು ತಾವಾಗಿಯೇ ನಿಲ್ಲಿಸಿಯೂ ಇವೆ, ಆದರೆ ಅದನ್ನು ಊರು ಕುಳಿತು ಮಾತಾಡಿ ನಿಲ್ಲಿಸಬೇಕು. ಹೊಸಬನಿಗೂ ಅಲ್ಲಿ ಮತವುಂಟು. ಆರು ವರ್ಷಕ್ಕೊಮ್ಮೆ ಪೌರಸಭೆಯ ಚುನಾವಣೆ ನಡೆಯುತ್ತದೆ, ನಡುವೆ ಸಭೆಗಳ ಬಾಗಿಲು ತೆರೆದಿರುತ್ತದೆ. ನೆರೆಯವರ ಮನೆಗೆ ಹೋಗಿ ನನ್ನ ಮಗುವಿಗೆ ನಿದ್ರೆಯಿಲ್ಲವೆಂದು ಹೇಳಿಕೊಂಡರೆ ಯಾವ ಹಳ್ಳಿಯವರ ಮನಸ್ಸು ಕರಗದು? ನೋಟೀಸು ಬಂದಾಗ ಮಾತ್ರ ಆ ಮನಸ್ಸು ಕಲ್ಲಾಗುತ್ತದೆ.

ಇನ್ನೊಂದು ವಾದ, ಮೊದಲು ಇದ್ದದ್ದೆಲ್ಲ ನ್ಯಾಯವಾಗಲಾರದು ಎಂಬುದು. ಉಪದ್ರವವಿರುವ ಕಡೆಗೆ ತಾನಾಗಿ ಬಂದವನೂ ಅದರ ಮೇಲೆ ದೂರಬಹುದೆಂದು ಇಂಗ್ಲೆಂಡಿನ ನ್ಯಾಯಾಲಯಗಳು 1879ರಿಂದಲೂ ಹೇಳುತ್ತ ಬಂದಿವೆ. ಹೊಗೆ ಉಗುಳುವ ಕಾರ್ಖಾನೆಯ ವಿಷಯದಲ್ಲಿ ನಾನು ಅದನ್ನು ಒಪ್ಪುತ್ತೇನೆ. ಅಲ್ಲಿ ಲಾಭ ಒಬ್ಬನದು, ಕೇಡು ಎಲ್ಲರದು. ಗಂಟೆಯಲ್ಲಿ ಲಾಭಕೋರನೊಬ್ಬನು ಯಾರಿದ್ದಾನೆ? ನಮ್ಮ ನಾಡಿನ ಧ್ವನಿವರ್ಧಕಗಳ ಉದಾಹರಣೆಯನ್ನು ಕೊಟ್ಟು ಕನ್ನಡಿಗರೊಬ್ಬರು ನನ್ನನ್ನು ಪ್ರಶ್ನಿಸಬಹುದು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಅವುಗಳನ್ನು ನಿಷೇಧಿಸುವ 2000ನೆಯ ಇಸವಿಯ ನಿಯಮಗಳನ್ನು ನಾನು ಪೂರ್ಣಮನಸ್ಸಿನಿಂದ ಬೆಂಬಲಿಸುತ್ತೇನೆ. ಪೈಪೋಟಿಯಿಂದ ಪ್ರತಿವರ್ಷ ದೊಡ್ಡದಾಗುತ್ತ ಹೋಗುವ ಸದ್ದು ಅದು. ಗೋಪುರದ ಕಂಚು ಎರಕವಾದ ದಿನ ಎಷ್ಟು ತೂಕವಿತ್ತೋ ಇಂದೂ ಅಷ್ಟೇ ಇದೆ. ಅದರ ಕೂಗು ಎಲ್ಲಿಯವರೆಗೆ ಮುಟ್ಟುತ್ತದೆಂಬುದು ಮನೆ ಕೊಳ್ಳುವವನಿಗೆ ಮೊದಲ ದಿನವೇ ಗೊತ್ತು.

2024ರ ಏಪ್ರಿಲ್ 15ರ ಕಾನೂನಿನಿಂದ ಫ್ರೆಂಚ್ ಸಿವಿಲ್ ಸಂಹಿತೆಗೆ 1253ನೆಯ ವಿಧಿ ಸೇರಿದೆ. ಒಬ್ಬನು ಮನೆಯನ್ನು ಕೊಳ್ಳುವುದಕ್ಕೆ ಮುಂಚಿನಿಂದಲೂ ಶಾಸನಬದ್ಧವಾಗಿ ನಡೆಯುತ್ತಿದ್ದು, ಅದೇ ರೀತಿಯಲ್ಲಿ ಮುಂದುವರಿದ ಚಟುವಟಿಕೆಯ ಮೇಲೆ, ನೆರೆಯ ಉಪದ್ರವವೆಂದು ಹೊಣೆ ಹೊರಿಸಲಾಗದು ಎಂಬುದು ಅದರ ತಾತ್ಪರ್ಯ. ಈ ತತ್ತ್ವವನ್ನು ಇಗರ್ಜಿಯ ಗಂಟೆಗೂ, ಅದು ಊರಿನ ಸ್ವತ್ತೆಂಬ ಕಾರಣದಿಂದ ಸಂದೇಹಕ್ಕೆ ಎಡೆಯಿಲ್ಲದಂತೆ, ಶಾಸನದ ಮಾತಿನಲ್ಲಿಯೇ ವಿಸ್ತರಿಸಬೇಕು. ಅಲ್ಲದೆ ಮನೆಯ ಕ್ರಯಪತ್ರದಲ್ಲಿ ಗೆದ್ದಲಿನ ತಪಾಸಣೆ ಮೊದಲಾದ ವಿವರಗಳನ್ನು ಬರೆಯುವ ನೋಟರಿಯು, ಊರಿನ ಗಂಟೆ ಯಾವ ಯಾವ ಹೊತ್ತಿನಲ್ಲಿ ನುಡಿಯುತ್ತದೆಂಬುದನ್ನೂ ಬರೆದು, ಕೊಳ್ಳುವವನಿಂದ ಅದರ ಕೆಳಗೆ ರುಜು ಹಾಕಿಸಬೇಕು. ಹಾಗೆ ಬರೆದರೆ ಗೋಪುರದ ಪಕ್ಕದ ಮನೆಗಳ ಬೆಲೆ ಇಳಿದುಹೋಗುವುದೆಂದು ಮಾರಾಟಗಾರರು ಹೆದರುವುದಾದರೆ, ಇಳಿಯಲಿ. ಆಗ ಹೊಲದಲ್ಲಿಯೂ ಹಿಟ್ಟಿನಂಗಡಿಯಲ್ಲಿಯೂ ದುಡಿಯುವ ಆ ಊರಿನ ಮಕ್ಕಳಿಗೇ ಅವುಗಳನ್ನು ಕೊಳ್ಳಲು ಕೈಗೆಟುಕೀತು.