ಯಾರ ಮನಿಗೆ ಹೊಂಟೀರಿ?

ನಮ್ಮ ಕಡೆ ಗಂಡ-ಹೆಂಡತಿ ಜೋಡಿಯಾಗಿ ಊರು ಬಿಟ್ಟು ಹೊರಟರೆಂದರೆ ಅದಕ್ಕೆ ಕಾರಣ ಮೂರೇ ಇರಬೇಕು: ಲಗ್ನ, ಮಣ್ಣು, ಇಲ್ಲವೆ ದೇವರು. ಈಚೆಗೆ ದವಾಖಾನೆಯನ್ನೂ ಸೇರಿಸಿಕೊಂಡಿದ್ದೇವೆ. ಇವುಗಳಲ್ಲಿ ಯಾವುದೂ ಇಲ್ಲದೆ, ಬರೀ ನೋಡುವುದಕ್ಕೆಂದು, ಐವತ್ತು ದಾಟಿದ ಗಂಡಸು ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಿಜಯಪುರದಿಂದ ತಿಕೋಟಾ ರಸ್ತೆ ಹಿಡಿದನೆಂದರೆ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ ಪ್ರಶ್ನೆ ಒಂದೇ. "ಯಾರ ಮನಿಗೆ ಹೊಂಟೀರಿ?" ಯಾರ ಮನೆಗೂ ಇಲ್ಲ, ಸುಮ್ಮನೆ ಹೊರಟಿದ್ದೇವೆ ಎಂದು ಹೇಳಿ ನೋಡಿ. ಕೇಳಿದವರ ಮುಖದ ಮೇಲೆ ಅನುಮಾನ ಏಳುತ್ತದೆ. ಮನೆಯಲ್ಲಿ ಏನೋ ಜಗಳವಾಗಿರಬೇಕು, ಇಲ್ಲವೆ ಹೊಲ ಖರೀದಿಗೆ ಗುಟ್ಟಾಗಿ ಬಂದಿರಬೇಕು.

ಇದೇ ಗಂಡ-ಹೆಂಡತಿ ಲಕ್ಷಗಟ್ಟಲೆ ರೂಪಾಯಿ ಸುರಿದು ಜರ್ಮನಿಗೆ ಹೋಗಿ ಅಲ್ಲಿಯ ಕೋಟೆ-ಅರಮನೆ ನೋಡಿ ಬಂದರೆ ಯಾರೂ ಹೀಗೆ ಕೇಳುವುದಿಲ್ಲ. ಓಣಿಯವರೆಲ್ಲ ಬಂದು ಫೋಟೋ ನೋಡಿ ಹೋಗುತ್ತಾರೆ. ನಮ್ಮ ಬಳಗದಲ್ಲಿಯೇ ಅಂಥ ಒಂದು ಜೋಡಿ ಹೋಗಿ ಬಂತು. ದಕ್ಷಿಣ ಜರ್ಮನಿಯಲ್ಲಿ ಬಾಡಿಗೆ ಕಾರು ಹಿಡಿದು ಊರಿಂದೂರಿಗೆ ಓಡಾಡಿದರಂತೆ. ಫೋಟೋ ತೋರಿಸಿದ ದಿನ ಕೂಡಿದ ಮಂದಿ ಎರಡು ಪಕ್ಷವಾದರು. ಒಂದು ಪಕ್ಷದವರು "ಅಲ್ಲಿ ನೋಡ್ರಿ ಎಷ್ಟ ಸ್ವಚ್ಛ, ನಮ್ಮಲ್ಲಿ ಏನೈತಿ ಮಣ್ಣು" ಎಂದರು. ಇನ್ನೊಂದು ಪಕ್ಷದವರು "ನಮ್ಮ ಗುಮ್ಮಟದ ಮುಂದ ಇದ್ಯಾವ ಲೆಕ್ಕಾರಿ" ಎಂದು ಮೀಸೆ ತಿರುವಿದರು. ನನ್ನ ತಕರಾರು ಇಬ್ಬರ ಮೇಲೂ ಇದೆ. ಹೆಚ್ಚಿನ ಪಾಲು ಎರಡನೆಯವರ ಮೇಲೆ. ಏಕೆಂದರೆ ಆ ಮೀಸೆ ತಿರುವಿದವರಲ್ಲಿ ಒಬ್ಬರಾದರೂ ಕಳೆದ ಹತ್ತು ವರ್ಷದಲ್ಲಿ ಹೆಂಡತಿಯನ್ನು ಕರೆದುಕೊಂಡು ಗೋಳಗುಮ್ಮಟದ ಮೆಟ್ಟಿಲು ಹತ್ತಿದವರಲ್ಲ. ಬೀಗರು ಬಂದಾಗ ಮಕ್ಕಳ ಜೊತೆ ಕಳಿಸಿಕೊಟ್ಟು ತಾವು ಮನೆಯಲ್ಲಿ ಮಲಗಿದವರು.

ಅಭಿಮಾನಕ್ಕೆ ಕಾರಣ ಇಲ್ಲವೆಂದಲ್ಲ. ಆ ಫೋಟೋಗಳಲ್ಲಿ ಎಲ್ಲರೂ ಬಾಯಿ ಬಿಟ್ಟು ನೋಡಿದ್ದು ನೊಯ್‌ಶ್ವಾನ್‌ಸ್ಟೈನ್ ಎಂಬ ಅರಮನೆಯನ್ನು. ಬವೇರಿಯದ ಎರಡನೆಯ ಲುಡ್ವಿಗ್ ಎಂಬ ರಾಜ ಅದನ್ನು ಕಟ್ಟಲು ತೊಡಗಿದ್ದು 1869ರಲ್ಲಿ. ಮುಹಮ್ಮದ್ ಆದಿಲಶಾಹ ತೀರಿಕೊಂಡು ಗೋಳಗುಮ್ಮಟದಲ್ಲಿ ಮಲಗಿದ್ದು 1656ರಲ್ಲಿ. ಅಂದರೆ ನಮ್ಮ ಗುಮ್ಮಟಕ್ಕೆ ಇನ್ನೂರು ವರ್ಷ ದಾಟಿದ ಮೇಲೆ ಅವರ ಪಾಯ ಬಿತ್ತು. ಲುಡ್ವಿಗ್ 1886ರಲ್ಲಿ ಸತ್ತಾಗ ಅದಿನ್ನೂ ಪೂರ್ತಿಯಾಗಿರಲಿಲ್ಲ. ನಮ್ಮ ಬಾರಾ ಕಮಾನಿನಂತೆಯೇ ಅರ್ಧ ಉಳಿದ ಕಟ್ಟಡ. ಇನ್ನೊಂದು ತಮಾಷೆ: ಲುಡ್ವಿಗ್ ಮದುವೆಯಾಗಲೇ ಇಲ್ಲ. 1867ರಲ್ಲಿ ನಿಶ್ಚಯವಾಗಿದ್ದ ಲಗ್ನವನ್ನು ತಾನೇ ಮುರಿದುಕೊಂಡ. ಲೋಕದ ಜೋಡಿಗಳೆಲ್ಲ ಹೋಗಿ ಭುಜಕ್ಕೆ ಭುಜ ಹಚ್ಚಿ ಫೋಟೋ ತೆಗೆಸಿಕೊಳ್ಳುವುದು ಒಬ್ಬ ಬ್ರಹ್ಮಚಾರಿಯ ಮನೆಯ ಮುಂದೆ.

ಜೋಡಿಗಳ ಊರು ಎಂದು ಯಾವುದನ್ನಾದರೂ ಕರೆಯಬೇಕಾದರೆ ವಿಜಯಪುರವನ್ನು ಕರೆಯಬೇಕು. ಇಬ್ರಾಹಿಂ ರೋಜಾ ರಾಣಿ ತಾಜ್ ಸುಲ್ತಾನಾಳಿಗೆಂದು ಎದ್ದದ್ದು. ತಾಜ್ ಬಾವಡಿಗೂ ಅವಳದೇ ಹೆಸರು. ಚಾಂದ ಬಾವಡಿಗೆ ಚಾಂದಬೀಬಿಯ ಹೆಸರು. ಕೆರೆಗೆ ಬೇಗಮ್ ತಲಾಬ್ ಎಂದು ಹೆಸರು. ಗೋಳಗುಮ್ಮಟದೊಳಗೆ ಸುಲ್ತಾನನ ಪಕ್ಕದಲ್ಲಿ ಅವನ ಪತ್ನಿಯರೂ ಇದ್ದಾರೆ, ರಂಭಾ ಎಂಬ ನರ್ತಕಿಯೂ ಇದ್ದಾಳೆ. ಊರಿನ ಕಲ್ಲಿಗೆಲ್ಲ ಒಬ್ಬೊಬ್ಬ ಹೆಂಗಸಿನ ಹೆಸರಿದೆ. ಆದರೆ ಆ ಕಲ್ಲಿನ ಮೇಲೆ ಇವತ್ತು ಒಬ್ಬ ಹೆಂಗಸು ಗಂಡನ ಜೊತೆ ಅರ್ಧ ತಾಸು ಕೂತರೆ ಸಿಳ್ಳೆ ಕೇಳಿಬರುತ್ತದೆ.

ಜರ್ಮನಿಯಿಂದ ಕಲಿಯುವುದಿದ್ದರೆ ಅರಮನೆಯಿಂದಲ್ಲ, ದಾರಿಯಿಂದ ಕಲಿಯಬೇಕು. ನಮ್ಮ ಬಳಗದವರು ಓಡಾಡಿದ ರಸ್ತೆಗೆ ರೊಮ್ಯಾಂಟಿಕ್ ರೋಡ್ ಎಂದು ಹೆಸರು. ವ್ಯೂರ್ಟ್ಸ್‌ಬುರ್ಗ್ ಎಂಬ ಊರಿನಿಂದ ಆಲ್ಪ್ಸ್ ಬೆಟ್ಟದ ಬುಡದ ಫ್ಯೂಸೆನ್‌ವರೆಗೆ ನಾನೂರು ಕಿಲೋಮೀಟರಿಗೂ ಹೆಚ್ಚು. ಹೆಸರು ಕೇಳಿದರೆ ರಾಜರ ಕಾಲದ್ದು ಅನ್ನಿಸುತ್ತದೆ. ಹಾಗೇನೂ ಇಲ್ಲ. ಯುದ್ಧದಲ್ಲಿ ಸೋತು, ಊರುಗಳು ಸುಟ್ಟು, ಹೆಸರು ಕೆಟ್ಟು ಕೂತಿದ್ದ ಮಂದಿ 1950ರಲ್ಲಿ ಇದ್ದ ರಸ್ತೆಗಳನ್ನೇ ಒಂದಕ್ಕೊಂದು ಗಂಟು ಹಾಕಿ, ಹೆಸರಿಟ್ಟು, ಬನ್ನಿ ಎಂದು ಕರೆದರು. ಆ ದಾರಿಯ ರೋಥೆನ್‌ಬುರ್ಗ್ ಎಂಬ ಊರಿನ ಹಳೆಯ ಭಾಗದಲ್ಲಿ ಸುಮಾರು ನೂರಕ್ಕೆ ನಲವತ್ತು ಪಾಲು 1945ರ ಮಾರ್ಚ್ 31ರ ಬಾಂಬಿಗೆ ಹಾಳಾಗಿತ್ತು. ಕೋಟೆಗೋಡೆಯನ್ನು ಮತ್ತೆ ಕಟ್ಟಲು ಜನ ಗಜದ ಲೆಕ್ಕದಲ್ಲಿ ದುಡ್ಡು ಕೊಟ್ಟರು. ಕೊಟ್ಟವರ ಹೆಸರಿನ ಕಲ್ಲುಗಳು ಗೋಡೆಯಲ್ಲಿ ಇವತ್ತಿಗೂ ಇವೆ. ಅದೇ ದಾರಿಯ ನ್ಯೋರ್ಡ್‌ಲಿಂಗೆನ್‌ನಲ್ಲಿ ಕೋಟೆಗೋಡೆಯ ಮೇಲೆಯೇ ಊರನ್ನು ಒಂದು ಸುತ್ತು ಹಾಕಬಹುದು, ಮೂರು ಕಿಲೋಮೀಟರಿಗೂ ಕಡಿಮೆ. ವಿಜಯಪುರದ ಕೋಟೆಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರು. ಅದರ ಗುಂಟ ಒಂದು ಸುತ್ತು ಹಾಕುತ್ತೇವೆಂದು ಹೊರಟ ಗಂಡ-ಹೆಂಡತಿಯನ್ನು ನಾನಂತೂ ಕಂಡಿಲ್ಲ. ಮುಂಜಾನೆ ವಾಕಿಂಗಿಗೆ ಬರುವವರು ಕೂಡ ಗಂಡಸರು ಒಂದು ಗುಂಪು, ಹೆಂಗಸರು ಒಂದು ಗುಂಪು.

ನಮ್ಮಲ್ಲಿ ಅಂಥ ದಾರಿ ಇಲ್ಲವೇ? ಇದೆ. ಫೆಬ್ರವರಿಯ ಒಂದು ದಿನ ನಾವಿಬ್ಬರು ಸುತ್ತಿ ಬಂದೆವು. ವಿಜಯಪುರದಿಂದ ಪಶ್ಚಿಮಕ್ಕೆ ತೊರವಿ, ಅಲ್ಲಿಂದ ತಿಕೋಟಾ, ತಿಕೋಟಾದಿಂದ ಬಬಲೇಶ್ವರ, ಮುಂದೆ ಮಮದಾಪುರದ ಕೆರೆ, ಸಾರವಾಡದ ಹತ್ತಿರ ಡೋಣಿ ದಾಟಿ ವಾಪಸ್ಸು. ಹೆಚ್ಚುಕಡಿಮೆ ನೂರು ಕಿಲೋಮೀಟರು. ಬುತ್ತಿಗೆ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

ಊರು ದಾಟುತ್ತಲೇ ಮೊದಲು ಸಿಗುವುದು ಅಫಜಲಖಾನನ ಹೆಂಡಿರ ಗೋರಿಗಳು. ಅರವತ್ತರ ಸುಮಾರು. ಸಾಲು ಸಾಲಾಗಿ, ಒಂದೇ ಅಳತೆಯವು. 1659ರಲ್ಲಿ ಶಿವಾಜಿಯ ಮೇಲೆ ಹೋಗುವ ಮುಂಚೆ, ತಾನು ತಿರುಗಿ ಬರುವುದಿಲ್ಲವೆಂದು ಜ್ಯೋತಿಷಿ ಹೇಳಿದ್ದಕ್ಕೆ ಹೆಂಡಿರನ್ನೆಲ್ಲ ಕೊಲ್ಲಿಸಿದನೆಂದು ಜನ ಹೇಳುವ ಕತೆ. ಕತೆ ಎಷ್ಟು ನಿಜವೋ, ಗೋರಿಗಳಂತೂ ಇವೆ. ನನ್ನ ಹೆಂಡತಿ ಎಣಿಸಲು ಶುರು ಮಾಡಿ ಇಪ್ಪತ್ತರ ನಂತರ ಬಿಟ್ಟಳು. "ಇವರೆಲ್ಲಾ ಒಮ್ಮೆರೆ ಅವನ ಕೂಡ ಊರ ಹೊರಗ ತಿರಗ್ಯಾಡಾಕ ಬಂದಿದ್ರೇನ್ರಿ?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ತೊರವಿ ಎಂದರೆ ಕನ್ನಡಿಗರಿಗೆ ಕುಮಾರವಾಲ್ಮೀಕಿಯ ತೊರವೆ ರಾಮಾಯಣ ನೆನಪಾಗಬೇಕು. ಕವಿಯ ನರಸಿಂಹ ಇಲ್ಲೇ ಇದ್ದಾನೆ. ಅದೇ ನೆಲದ ಮಗ್ಗುಲಿಗೆ ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರವೆಂಬ ಹೊಸ ಊರನ್ನೇ ಕಟ್ಟಲು ತೊಡಗಿದ. ಸಂಗೀತದ ಹುಚ್ಚು ಹಿಡಿದ ಸುಲ್ತಾನ. ಜಗದ್ಗುರು ಎಂದು ಕರೆಸಿಕೊಂಡವನು. ತನ್ನ ಕಿತಾಬ್-ಎ-ನವರಸವನ್ನು ಸರಸ್ವತಿಯ ಸ್ತುತಿಯಿಂದ ಆರಂಭಿಸಿದವನು. 1624ರಲ್ಲಿ ಮಲಿಕ್ ಅಂಬರ್ ದಂಡೆತ್ತಿ ಬಂದು ಆ ಊರನ್ನು ಹಾಳುಗೆಡವಿದ. ಉಳಿದದ್ದು ಸಂಗೀತ ಮಹಲು, ನಾರಿ ಮಹಲು, ಅಷ್ಟಿಷ್ಟು ಗೋಡೆ. ಸಂಗೀತ ಮಹಲಿನ ಎತ್ತರದ ಕಮಾನಿನ ಕೆಳಗೆ ನಿಂತರೆ ನಗರದ ಗಗನ ಮಹಲಿನ ತಮ್ಮನ ಹಾಗೆ ಕಾಣುತ್ತದೆ.

ಆ ನೆರಳಿನಲ್ಲಿ ಚಹಾದ ಥರ್ಮಾಸು ತೆಗೆದು ಕೂತಿದ್ದೆವು. ಬೈಕಿನ ಮೇಲೆ ಇಬ್ಬರು ತರುಣರು ಬಂದರು. ನನ್ನ ಮಗನ ವಯಸ್ಸಿನವರು. "ಯಾರ್ರಿ ನೀವು? ಇವರು ನಿಮಗೇನಾಗಬೇಕು?" ಎಂದು ವಿಚಾರಣೆ. ಹೆಂಡತಿ ಎಂದೆ. "ಮತ್ತ ಇಲ್ಯಾಕ ಕುಂತೀರಿ?" ಈ 'ಮತ್ತ' ಎಂಬ ಎರಡಕ್ಷರದ ಮೇಲೆ ನಾನು ಒಂದು ಗ್ರಂಥ ಬರೆಯಬಲ್ಲೆ. ಹೆಂಡತಿಯಾಗಿದ್ದರೆ ಮನೆಯಲ್ಲಿ ಇರಬೇಕಲ್ಲ, ಹೊರಗೆ ಬಂದು ಒಟ್ಟಿಗೆ ಕೂರುವ ಅಗತ್ಯ ಇರುವುದು ಹೆಂಡತಿಯಲ್ಲದವಳಿಗೆ ಮಾತ್ರವಲ್ಲವೇ ಎಂಬ ತರ್ಕ ಅದರಲ್ಲಿದೆ. ನಮ್ಮ ನರೆಗೂದಲು ನೋಡಿ ಅವರು ಹೋದರು. ಇಪ್ಪತ್ತೈದರ ಜೋಡಿಯಾಗಿದ್ದರೆ ಅಷ್ಟು ಸುಲಭಕ್ಕೆ ಹೋಗುತ್ತಿದ್ದರೇ? ತೊರವಿಯಲ್ಲೇ ಇರುವ ಮಹಿಳಾ ವಿಶ್ವವಿದ್ಯಾಲಯಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಗಂಡನ ಮನೆ ಬಿಟ್ಟು ಒಬ್ಬಳೇ ಕಲ್ಯಾಣಕ್ಕೂ ಶ್ರೀಶೈಲಕ್ಕೂ ನಡೆದು ಹೋದವಳ ಹೆಸರು. ಅಕ್ಕನನ್ನು ದಾರಿಯಲ್ಲಿ ತಡೆದು ಯಾರ ಮನೆಗೆಂದು ಕೇಳಿದವರು ಆಗಲೂ ಇದ್ದಿರಬೇಕು.

ಹಾಳು ಗುಮ್ಮಟಗಳಲ್ಲಿ ಹುಡುಗ-ಹುಡುಗಿಯರು ಕೂತು ಕೆಡುತ್ತಾರೆ, ಗೋಡೆಯ ಮೇಲೆಲ್ಲ ಹೆಸರು ಗೀಚುತ್ತಾರೆ, ಕಾವಲು ಬೇಡವೇ ಎನ್ನುವವರಿದ್ದಾರೆ. ಗೀಚುವವರಿಗೆ ದಂಡ ಹಾಕಿ, ನನ್ನ ಅಡ್ಡಿಯಿಲ್ಲ. ಆದರೆ ಗೋಡೆ ಗೀಚುವುದು ಜನ ಬರದ ಜಾಗದಲ್ಲಿ. ಸಂಜೆಗೆ ಹತ್ತು ಸಂಸಾರ ಬಂದು ಕೂರುವ ಜಾಗದಲ್ಲಿ ಯಾರು ಮೊಳೆ ಹಿಡಿದು ನಿಲ್ಲುತ್ತಾರೆ? ಸಂಸಾರಸ್ಥರನ್ನು ಓಡಿಸಿ, ಜಾಗವನ್ನು ಹಾಳು ಬಿಟ್ಟು, ಆಮೇಲೆ ಹಾಳಾಯಿತೆಂದು ಕಾವಲಿಗೆ ನಿಲ್ಲುವ ಧರ್ಮ ನನಗೆ ಅರ್ಥವಾಗುವುದಿಲ್ಲ.

ತಿಕೋಟಾ ಸೀಮೆ ಬೇರೆಯದೇ ಚಂದ. ಓದುಗರು ಇದನ್ನು ಕೋಟೆಗಳ ಪಟ್ಟಿಗೆ ಸೇರಿಸಲೊಪ್ಪದಿದ್ದರೂ ನಾನು ಸೇರಿಸುತ್ತೇನೆ. ದಾರಿಯ ಎರಡೂ ಕಡೆ ದ್ರಾಕ್ಷಿಯ ಪಡ. ನಡುನಡುವೆ ಹಸಿರು ನೆಟ್ಟಿನ ಮಣೂಕ ಶೆಡ್ಡುಗಳು. ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವುತ್ತಾರೆ. ಎರಡು ವಾರದ ಆಜುಬಾಜು ಗಾಳಿಗೆ ಒಣಗಿ ಮಣೂಕವಾಗುತ್ತದೆ. ಮೋಡ ಕವಿದರೆ ರೈತನ ಜೀವ ಬಾಯಿಗೆ ಬರುತ್ತದೆ. ಒಂದು ಶೆಡ್ಡಿನವರು ಒಳಗೆ ಕರೆದು ಬೊಗಸೆ ತುಂಬ ಕೊಟ್ಟರು. ಇದನ್ನು ಇಟಲಿಯಲ್ಲೋ ಜರ್ಮನಿಯಲ್ಲೋ ತೋರಿಸಿ ಟಿಕೆಟ್ಟು ಹರಿಯುತ್ತಾರೆ. ಇಲ್ಲಿ ಕೆಲಸಕ್ಕೆ ಬಂದ ಹೆಂಗಸರು ನನ್ನ ಹೆಂಡತಿಯನ್ನು ಸುತ್ತುವರಿದು ಕೇಳಿದ್ದೂ ಅದನ್ನೇ. "ಯಾರ ಮನಿಗೆ ಬಂದೀರಿ ಅಕ್ಕಾರ?"

ಆ ಹೊತ್ತಿಗೆ ಅವಳಿಗೆ ಇನ್ನೊಂದು ಪ್ರಶ್ನೆ ಕಾಡುತ್ತಿತ್ತು. ಬೆಳಿಗ್ಗೆಯಿಂದ ನಾನು ಎರಡು ಬಾರಿ ಜಾಲಿಕಂಟಿಯ ಮರೆಗೆ ಹೋಗಿ ಬಂದಿದ್ದೆ. ಅವಳು ಎಲ್ಲಿಗೆ ಹೋಗಬೇಕು? ಮುಂದಿನ ಒಂದು ಊರಿನಲ್ಲಿ ಹೊಸ ಶೌಚಾಲಯವಿತ್ತು, ಉದ್ಘಾಟನೆಯ ಕಲ್ಲಿತ್ತು, ಬೀಗವೂ ಇತ್ತು. ಕೀಲಿ ಯಾರ ಬಳಿ ಎಂದು ಕೇಳಿದರೆ ಊರಿಗೆ ಹೋಗಿದ್ದಾರೆ ಎಂದರು. ಕೊನೆಗೆ ಒಬ್ಬ ತಾಯಿ ತಮ್ಮ ಮನೆಗೆ ಕರೆದೊಯ್ದರು. ಆಗ ನನಗೆ ಹೊಳೆಯಿತು: ನಮ್ಮ ದಾರಿಯಲ್ಲಿ ಹೆಂಗಸು ಯಾರದಾದರೂ ಮನೆಗೆ ಹೋಗಲೇಬೇಕು. 'ಯಾರ ಮನಿಗೆ' ಎಂದು ಕೇಳುವ ಜನ ಮಳ್ಳರಲ್ಲ. ಮನೆ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲವೆಂದು ಬಲ್ಲವರು.

ದುಡಿಯುವ ಮಂದಿಗೆ ತಿರುಗಾಟಕ್ಕೆ ಪುರುಸೊತ್ತೆಲ್ಲಿದೆ ಎಂಬ ಮಾತೂ ಇದೆ. ಸುಳ್ಳು. ಇದೇ ಜನ ಪಂಢರಪುರಕ್ಕೆ ಹೋಗುತ್ತಾರೆ, ತುಳಜಾಪುರಕ್ಕೆ ಹೋಗುತ್ತಾರೆ. ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನೂರಾರು ಮೈಲಿ ನಡೆಯುತ್ತಾರೆ. ಆ ಪಾದಯಾತ್ರೆಯ ದಾರಿಯನ್ನು ನೋಡಬೇಕು. ಹೆಜ್ಜೆಹೆಜ್ಜೆಗೆ ಅರವಟಿಗೆ, ಅನ್ನದಾಸೋಹ, ಮಲಗಲು ನೆರಳು, ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುವವರು. ಯಾವ ಪ್ರವಾಸೋದ್ಯಮ ಇಲಾಖೆಯೂ ಮಾಡಿದ್ದಲ್ಲ, ಜನ ಮಾಡಿದ್ದು. ಒಂದು ದಾರಿಯನ್ನು ನಡೆಯುವವರಿಗೆ ತಕ್ಕುದಾಗಿ ಮಾಡುವ ವಿದ್ಯೆ ನಮಗೆ ಜರ್ಮನರಿಗಿಂತ ಮುಂಚೆಯೇ ಗೊತ್ತಿದೆ. ದೇವರಿಲ್ಲದ ದಾರಿಗೆ ಅದನ್ನು ಬಳಸಲು ಮನಸ್ಸಿಲ್ಲ, ಅಷ್ಟೆ.

ಬಬಲೇಶ್ವರವನ್ನು ಬೇಗ ದಾಟಿದೆವು, ಬಿಸಿಲೇರಿತ್ತು. ತಿಕೋಟಾದಂತೆ ಅದೂ 2018ರಲ್ಲಿ ತಾಲ್ಲೂಕಿನ ಊರಾಗಿದೆ, ಕಚೇರಿಯ ಬೋರ್ಡುಗಳಿಗೆ ಬರವಿಲ್ಲ. ಮಮದಾಪುರದ ಕೆರೆ ಎಲ್ಲಿ, ಯಾರು ಕಟ್ಟಿಸಿದ್ದು ಎಂದು ಹೇಳುವ ಒಂದು ಬೋರ್ಡು ಮಾತ್ರ ಆ ದಾರಿಯಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದನೇ ಇದನ್ನೂ ಕಟ್ಟಿಸಿದ. ಗುಮ್ಮಟ ಅವನಿಗೆ ಮಲಗಲು ಆಯಿತು, ಕೆರೆ ಊರಿಗೆ ಕುಡಿಯಲು ಆಯಿತು. ಏತ ನೀರಾವರಿ ಯೋಜನೆಗಳು ಬಂದ ಮೇಲೆ ಈ ಸೀಮೆಯ ಕೆರೆಗಳು ಕೃಷ್ಣೆಯ ನೀರು ಕಂಡಿವೆ. ಏರಿಯ ಮೇಲೆ ನಿಂತರೆ ಕಣ್ಣು ಹೋಗುವವರೆಗೆ ನೀರು. ಬರದ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಅದಕ್ಕಿಂತ ದೊಡ್ಡ ಅರಮನೆ ಬೇಡ.

ಅಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು ಕೂಡ ಯಾರ ಮನೆಗೆಂದು ಕೇಳಿದಳು. "ಯಾರ ಮನಿಗೂ ಇಲ್ಲವ್ವಾ, ಕೆರಿ ನೋಡಾಕ ಬಂದೇವಿ" ಎಂದಳು ನನ್ನ ಹೆಂಡತಿ. ಆಕೆ ನಕ್ಕಳು. "ಬಿಜಾಪುರ ಬಿಟ್ಟು ಇಲ್ಲಿಗೆ ಬಂದೀರೇನು! ನಾ ಗೋಳಗುಮ್ಮಟ ಹೊರಗಿಂದ ನೋಡೇನ್ರಿ, ಒಳಗ ಹೋಗಿಲ್ಲ." ಏಕೆ ಎಂದು ಕೇಳಿದೆ. "ಹ್ವಾದಾಗೊಮ್ಮೆ ದವಾಖಾನಿ ಆಗತೈತ್ರಿ. ಮತ್ತ ಬಸ್ಸಿಗಿ ಹೊತ್ತಾಗತೈತಿ."

ನಲವತ್ತು ಕಿಲೋಮೀಟರು ದೂರವಿಲ್ಲ. ಗುಮ್ಮಟಕ್ಕೆ ಬಣ್ಣದ ದೀಪ ಹಾಕಬೇಕೆಂದು, ಹಗ್ಗದ ಮೇಲೆ ತೂಗುವ ತೊಟ್ಟಿಲು ಗಾಡಿ ತರಬೇಕೆಂದು ವರದಿ ಬರೆಯುವವರು ಮೊದಲು ಈ ಹೆಂಗಸಿಗೆ ಉತ್ತರ ಹೇಳಲಿ. ಅವಳಿಗೆ ಬೇಕಾದದ್ದು ವಾರಕ್ಕೊಂದು ದಿನ ಮಮದಾಪುರ, ಬಬಲೇಶ್ವರ, ತಿಕೋಟಾ, ತೊರವಿ ಸುತ್ತಿ ಗೋಳಗುಮ್ಮಟಕ್ಕೆ ಹೋಗಿ, ಅಲ್ಲಿ ಎರಡು ತಾಸು ನಿಂತು, ಕತ್ತಲಾಗುವುದರೊಳಗೆ ವಾಪಸ್ಸು ಬಿಡುವ ಒಂದು ಬಸ್ಸು. ಬೀಗವಿಲ್ಲದ ನಾಲ್ಕು ಶೌಚಾಲಯ. ಕನ್ನಡದಲ್ಲಿ ಬರೆದ ಬೋರ್ಡು. ಬಸ್ಸಿನಲ್ಲಿ ಗಂಡ ಪಕ್ಕಕ್ಕೆ ಕೂತರೆ ಹಿಂದಿನ ಸೀಟಿನವರು ಕೆಮ್ಮಬಾರದು. ಕೊನೆಯದಕ್ಕೆ ಸರಕಾರದಿಂದ ಮಂಜೂರಾತಿ ಬೇಕಿಲ್ಲ, ಅದು ನಮ್ಮ ನಿಮ್ಮ ಕೈಯಲ್ಲಿದೆ. ಆಕೆಯ ಗಂಡ ಬರುತ್ತಾನೋ ಇಲ್ಲವೋ ಎಂದು ನನ್ನ ಹೆಂಡತಿ ಕೇಳಿಯೇ ಬಿಟ್ಟಳು. "ಕರದ್ರ ಬರತಾನ್ರಿ," ಎಂದಳು ಆಕೆ, "ಯಾರೂ ಕರದಿಲ್ಲ."