ಕೂಲಿ ಬಾಕಿ ತೀರಿಸಿ ತೇರಿಗೆ ಹೊರಡುತ್ತಿದ್ದ ಅಪ್ಪ

ಕೊಟ್ಟೂರು ಸುತ್ತಲಿನ ಯಾವುದೇ ಹಳ್ಳಿಯ ಓಣಿಯಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ನಾಲ್ಕು ಮನೆಗಳಿಂದ ‘ಓ’ ಎನ್ನುತ್ತಾರೆ. ಕೊಟ್ರಪ್ಪ, ಕೊಟ್ರಮ್ಮ, ಕೊಟ್ರಬಸಪ್ಪ ಎಂಬ ಹೆಸರುಗಳು ಇಂಥ ಜಾತಿಯಲ್ಲಿ ಇಲ್ಲ ಎನ್ನುವಂತಿಲ್ಲ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೂ ಕೊಟ್ರೇಶನೆಂದೇ ಕರೆಯುವ ಕೊಟ್ಟೂರಿನ ಗುರುಬಸವೇಶ್ವರ ಮನೆಯ ಹಿರಿಯನಿದ್ದ ಹಾಗೆ. ನನ್ನ ಅಪ್ಪನೂ ಅವನ ಒಕ್ಕಲು. ಬೆಳಿಗ್ಗೆ ವಿಭೂತಿ ಧರಿಸದೆ ನೀರು ಮುಟ್ಟುತ್ತಿರಲಿಲ್ಲ, ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಇಂಥ ಅಪ್ಪಂದಿರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ. ಆದರೆ ಅವನು ತನಗೆ ತಾನೇ ಹಾಕಿಕೊಂಡಿದ್ದ ಒಂದು ಕಟ್ಟುಪಾಡು ಈಗ ಅಪರೂಪವಾಗಿದೆ. ಆ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕೊಟ್ಟೂರ ತೇರು ನಡೆಯುವುದು ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರದ ದಿನ. ಅಷ್ಟು ಹೊತ್ತಿಗೆ ಶೇಂಗಾ ಮಾರಾಟವಾಗಿರುತ್ತದೆ, ಜೋಳದ ರಾಶಿ ಮುಗಿಯುತ್ತ ಬಂದಿರುತ್ತದೆ. ಮಳೆ ನಂಬಿದ ಒಕ್ಕಲಿಗನ ಕೈಯಲ್ಲಿ ನಾಲ್ಕು ಕಾಸು ಆಡುವುದು ವರ್ಷದಲ್ಲಿ ಆಗ ಮಾತ್ರ. ಮುಂದೆ ಯುಗಾದಿಗೆ ಸಂಬಳದಾಳುಗಳ ಕರಾರು ಮುಗಿದು ಹೊಸ ಮಾತಾಗಬೇಕು. ಈ ಎರಡರ ನಡುವೆ ತೇರು ಬರುತ್ತದೆ. ಅಪ್ಪನ ಪಾಲಿಗೆ ತೇರೆಂದರೆ ಲೆಕ್ಕ ತೀರಿಸುವ ಗಡುವು.

ಅವನಿಗೆ ಓದು ಬರಹ ಅಷ್ಟಕ್ಕಷ್ಟೆ. ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ. ಕಳೆ ತೆಗೆದವರಿಗೆ ಒಂದು ಸಾಲು, ಶೇಂಗಾ ಕಿತ್ತವರಿಗೆ ಒಂದು, ಬಳ್ಳಿಯಿಂದ ಕಾಯಿ ಬಿಡಿಸಿದವರಿಗೆ ಮತ್ತೊಂದು. ಯಾವ ಗೆರೆ ಯಾರದೆಂದು ನೆನಪಿಡುತ್ತಿದ್ದವಳು ಅವ್ವ. ತೇರಿಗೆ ಹೊರಡುವ ಮುಂಚೆ ಕಟ್ಟೆಯ ಮೇಲೆ ಚಂಚಿ ಬಿಚ್ಚಿಕೊಂಡು ಕೂತರೆ, ಅವ್ವ ಹೊಸ್ತಿಲಲ್ಲಿ ನಿಂತು ಒಬ್ಬೊಬ್ಬರ ಹೆಸರು ಹೇಳುತ್ತಿದ್ದಳು. ಅಪ್ಪ ಎಣಿಸಿ ಕೊಡುತ್ತಿದ್ದ. ಕೊಟ್ಟಾದ ಮೇಲೆ ಒದ್ದೆ ಬಟ್ಟೆಯಿಂದ ಆ ಗೆರೆ ಒರೆಸಬೇಕು. ಅದು ನನ್ನ ಕೆಲಸ. ಗೋಡೆ ಬೆಳ್ಳಗಾದ ಮೇಲೆಯೇ ಬುತ್ತಿ ಕಟ್ಟಿಕೊಂಡು ನಡೆಯುತ್ತ ಹೊರಡುತ್ತಿದ್ದ.

ಒಮ್ಮೆ ಕಳೆಗೆ ಬಂದಿದ್ದ ಒಬ್ಬ ಹೆಣ್ಣುಮಗಳು ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಬಂದ ಮೇಲೆ ಕೊಟ್ಟರಾಯಿತು ಎಂದಳು ಅವ್ವ. ಅಪ್ಪ ಒಪ್ಪಲಿಲ್ಲ. “ಕೂಲಿ ಇಟ್ಗಂಡು ತೇರಿಗೆ ಹೋದ್ರೆ ಕೊಟ್ರಯ್ಯ ನನ್ ಬಾಳೆಹಣ್ಣು ಮುಟ್ತಾನೇನು?” ಎಂದು ದಾರಿ ಬಿಟ್ಟು ಅವಳ ತವರೂರಿಗೆ ಹೋಗಿ, ತೊಟ್ಟಿಲ ಪಕ್ಕ ದುಡ್ಡಿಟ್ಟು, ಅಲ್ಲಿಂದ ಕೊಟ್ಟೂರಿಗೆ ನಡೆದ.

ಇನ್ನೊಂದು ವರ್ಷ ಮಳೆ ಕೈಕೊಟ್ಟಿತು. ನಮ್ಮದು ಮಸಾರಿ ಹೊಲ, ಎರೆಯ ಹಾಗೆ ಹಸಿ ಹಿಡಿದಿಡುವುದಿಲ್ಲ. ಹೂವಾಡುವ ಹೊತ್ತಿಗೆ ಎರಡು ವಾರ ಮಳೆ ತಪ್ಪಿದರೆ ಬಳ್ಳಿಯಲ್ಲಿ ಕಾಯಿ ನಿಲ್ಲುವುದಿಲ್ಲ. ಆ ಸಲ ಬಿತ್ತಿದ ಬೀಜದಷ್ಟೂ ಬರಲಿಲ್ಲ. ಗೋಡೆಯ ಗೆರೆಗಳು ಹಾಗೇ ಉಳಿದವು. ಊರಿನವರು ಸಾಲಾಗಿ ತೇರಿಗೆ ಹೊರಟಾಗ ಅಪ್ಪ ಕೊಟ್ಟಿಗೆಯಲ್ಲಿ ಕಣಿಕೆ ಕತ್ತರಿಸುತ್ತ ಉಳಿದ. ಕರೆದವರಿಗೆ “ನೀವು ಹೋಗ್ಬರ್ರಿ” ಎಂದಷ್ಟೇ ಹೇಳಿದ. ಯುಗಾದಿಗೆ ಮುಂಚೆ ಹೋರಿಗರು ಮಾರಿ ಎಲ್ಲರ ಕೂಲಿ ಕೊಟ್ಟ. ಆಮೇಲೆ ಒಂದು ಸೋಮವಾರ, ಜಾತ್ರೆಯ ಗದ್ದಲವೆಲ್ಲ ಮುಗಿದ ಮೇಲೆ, ಒಬ್ಬನೇ ಕೊಟ್ಟೂರಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದ. ಅಪ್ಪನ ಭಕ್ತಿಯ ಬಗ್ಗೆ ಯಾರಾದರೂ ಕೇಳಿದರೆ ಅವನು ತೇರಿಗೆ ಹೋಗದ ಆ ವರ್ಷವನ್ನೇ ನಾನು ಹೇಳುತ್ತೇನೆ.

2017ರ ಫೆಬ್ರವರಿ 21ರಂದು ಕೊಟ್ಟೂರಿನ ತೇರು ಉರುಳಿಬಿತ್ತು. ಊರೂರಲ್ಲಿ ಅಪಶಕುನದ ಮಾತು ಎದ್ದಿತು, ಏನು ಕೇಡು ಕಾದಿದೆಯೋ ಎಂದು ಎಲ್ಲರೂ ಹೆದರಿದರು. ಅಪ್ಪ ಮೊದಲು ಕೇಳಿದ್ದು ಒಂದೇ: “ಮಂದಿಗೆ ಪೆಟ್ಟಾತೇನು?”

ಅಪ್ಪ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಮದ್ರಾಸಿಗೆ ಸೇರಿತ್ತು. 1953ರಲ್ಲಿ ನಮ್ಮ ತಾಲ್ಲೂಕುಗಳು ಮೈಸೂರಿಗೆ ಬಂದವು. 1997ರಲ್ಲಿ ಹರಪನಹಳ್ಳಿ ದಾವಣಗೆರೆ ಜಿಲ್ಲೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ಕೊಟ್ಟೂರೂ ಸೇರಿ ನಮ್ಮ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಗೆ ಸೇರಿದವು. ಕಾಗದದ ಮೇಲಿನ ಹೆಸರು ಬದಲಾಯಿತು, ಮಸಾರಿ ಹೊಲಕ್ಕೆ ಮುಗಿಲು ನೋಡುವುದು ತಪ್ಪಲಿಲ್ಲ. ತುಂಗಭದ್ರೆ ನಮ್ಮ ಅಂಚಿನಲ್ಲೇ ಹರಿಯುತ್ತಾಳೆ. ಜಲಾಶಯಕ್ಕಾಗಿ ಊರು ಕಳೆದುಕೊಂಡವರು ಹಗರಿಬೊಮ್ಮನಹಳ್ಳಿ ಕಡೆ ಬಂದು ನೆಲೆಸಿದರು. ಎತ್ತರದ ನೆಲದ ನಮಗೆ ಆ ನೀರು ದಕ್ಕಿದ್ದು ಕಡಿಮೆ. ಇವತ್ತಿಗೂ ಇಲ್ಲಿನ ತಾಂಡಾ, ಕೇರಿಗಳ ಜನ ಕಬ್ಬು ಕಡಿಯಲು ಮಂಡ್ಯಕ್ಕೆ, ಕಾಫಿ ಕೊಯ್ಯಲು ಮಲೆನಾಡಿಗೆ ಗಂಟುಮೂಟೆ ಕಟ್ಟುತ್ತಾರೆ. ಹೊಲದವನೂ ಬಡವ, ಆಳೂ ಬಡವ ಎನ್ನುವ ಸೀಮೆ ಇದು. ಇಂಥ ಕಡೆ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಸುಲಭದ ಮಾತಲ್ಲ, ನನಗೆ ಗೊತ್ತು. ಖರೀದಿದಾರ ದುಡ್ಡು ತಡಮಾಡಿದರೆ ರೈತ ಆಳಿಗೆ ಎಲ್ಲಿಂದ ತರಬೇಕು? ಆದರೆ ಅಪ್ಪನ ಕಾಲದಲ್ಲೂ ಖರೀದಿದಾರ ಹಾಗೇ ಇದ್ದ.

ಈಗ ಭಕ್ತಿಗೇನೂ ಬರ ಬಂದಿಲ್ಲ. ದಾವಣಗೆರೆಯಿಂದ ಕೊಟ್ಟೂರಿಗೆ ಪಾದಯಾತ್ರೆ ಬರುವವರ ಸಾಲು ನೋಡಿದರೆ ಮನಸ್ಸು ತುಂಬುತ್ತದೆ. ದಾರಿಯುದ್ದಕ್ಕೂ ಮಜ್ಜಿಗೆ, ಊಟ ನೀಡುವವರಿಗೆ ಕೈಮುಗಿಯುತ್ತೇನೆ. ಆದರೆ ಆಳೆತ್ತರದ ಫ್ಲೆಕ್ಸ್ ಹಾಕಿಸಿ ಅನ್ನದಾನ ಮಾಡುವ ಮನೆಯ ಹಿತ್ತಿಲ ಬಾಗಿಲಲ್ಲಿ, ಶ್ರಾವಣದಲ್ಲಿ ಕಳೆ ತೆಗೆದ ಹೆಣ್ಣುಮಗಳು ಮಾಘದಲ್ಲೂ “ಅಣ್ಣಾ, ಕೂಲಿ” ಎಂದು ನಿಂತಿದ್ದನ್ನು ಕಂಡಿದ್ದೇನೆ. “ತೇರು ಮುಗೀಲಿ ತಡಿಯವ್ವ” ಎನ್ನುವ ಉತ್ತರವನ್ನೂ ಕೇಳಿದ್ದೇನೆ. ದುಡಿದವಳನ್ನು ದೇವರ ಹೆಸರಿನಲ್ಲಿ ಕಾಯಿಸುವುದು ಭಕ್ತಿಯಲ್ಲ, ಅನ್ಯಾಯ.

ಅಪ್ಪನಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಎನ್ನುವ ಊರ ರೂಢಿಯನ್ನು ಅವನು ಕೊನೆತನಕ ಮೀರಲಿಲ್ಲ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ನಮ್ಮ ಪಡಸಾಲೆಯ ಗೋಡೆಗೆ ಅದು ಮುಟ್ಟಲೇ ಇಲ್ಲ. ಬಗ್ಗಿ ದಿನವಿಡೀ ಶೇಂಗಾ ಕಿತ್ತವರು ಹೆಣ್ಣುಮಕ್ಕಳೇ. ಅವ್ವ ಒಮ್ಮೆ ಈ ಮಾತು ಎತ್ತಿದ್ದಳು, ಅಪ್ಪ ಉತ್ತರ ಕೊಡಲಿಲ್ಲ. ಅದನ್ನು ಬಿಟ್ಟು ಅವನನ್ನು ಹೊಗಳಿದರೆ ಅವ್ವನಿಗೆ ತಪ್ಪಿದಂತೆ.

ಅಪ್ಪನ ಮಣ್ಣಿಗೆ ಬಂದ ಒಬ್ಬ ಮುದುಕಿ, ಎಷ್ಟೋ ವರ್ಷ ನಮ್ಮ ಹೊಲದಲ್ಲಿ ದುಡಿದವಳು, ಅಳುತ್ತಲೇ ಹೇಳಿದಳು: “ಈ ಮನಿ ಬಾಗ್ಲಿಗೆ ನಾವು ಕೂಲಿ ಕೇಳಾಕ ಬಂದಿದ್ದಿಲ್ಲ, ಯಪ್ಪಾ.” ಅಪ್ಪನ ಬಗ್ಗೆ ಊರಿನವರು ಆ ದಿನ ದೊಡ್ಡ ದೊಡ್ಡ ಮಾತುಗಳನ್ನಾಡಿದರು. ನನಗೆ ಉಳಿದದ್ದು ಇದೊಂದೇ.

ನಮ್ಮ ಐದು ತಾಲ್ಲೂಕಿನ ಒಕ್ಕಲು ಮಕ್ಕಳಲ್ಲಿ, ಹೊಲ ಕೋರಿಗೆ ಕೊಟ್ಟು ಊರು ಬಿಟ್ಟವರಲ್ಲಿ, ಮನೆ ಕಟ್ಟಿಸುತ್ತಿರುವ ನೌಕರಸ್ಥರಲ್ಲಿ ಒಂದು ಕೋರಿಕೆ. ಈ ಸಲ ಮೈಲಾರದ ಕಾರ್ಣಿಕಕ್ಕೋ, ಉಚ್ಚಂಗೆಮ್ಮನ ಜಾತ್ರೆಗೋ, ಕೊಟ್ಟೂರ ತೇರಿಗೋ ಹೊರಡುವ ಮುಂಚೆ ಹೊಲದಲ್ಲಿ, ಕಣದಲ್ಲಿ, ಕಟ್ಟಡದಲ್ಲಿ ನಿಮಗಾಗಿ ದುಡಿದವರನ್ನು ಕರೆದು ಅವರ ಬಾಕಿ ಕೊಟ್ಟುಬಿಡಿ. ಹೆಣ್ಣಾಳಿಗೂ ಗಂಡಾಳಿನಷ್ಟೇ ಎಣಿಸಿ ಕೊಡಿ.