ಬಾಗಿಲಿಲ್ಲದ ಪಾಠಶಾಲೆ

ಮಂಗೋಲಿಯಾ ದೇಶದ ರಾಜಧಾನಿ ಉಲಾನ್‌ಬಾತರ್ ನಗರದಲ್ಲಿ ಬತ್ತುಶಿಗ್ ಎಂಬ ಬಾಲಕನೊಬ್ಬನಿದ್ದನು. ತಂಗಿ ಆಡುವ ಹಾದಿಗೆ ಗ್ಯಾರೇಜಿನಿಂದ ಕಾರುಗಳು ಹಠಾತ್ತನೆ ನುಗ್ಗಿಬರುವುದನ್ನು ಕಂಡು, ಅವು ಬರುವ ಸೂಚನೆಯನ್ನು ಕೂಗಿ ಹೇಳುವ ಸೈರನ್ನೊಂದನ್ನು ತಾನೇ ಜೋಡಿಸಿಟ್ಟ ಹುಡುಗ ಅವನು. 2012ರಲ್ಲಿ ಅವನಿಗೆ ಹದಿನೈದು ವರ್ಷ. ಅದೇ ವರ್ಷ ಅಮೆರಿಕದ ಎಂ.ಐ.ಟಿ. ಎಂಬ ಪ್ರಖ್ಯಾತ ವಿದ್ಯಾಸಂಸ್ಥೆಯು ತನ್ನ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಕಲಿಸುವ ವಿದ್ಯುನ್ಮಂಡಲಗಳ ಪಾಠವನ್ನು ಅಂತರ್ಜಾಲದ ಮೂಲಕ ಲೋಕಕ್ಕೆಲ್ಲ ಉಚಿತವಾಗಿ ತೆರೆದಿಟ್ಟಿತು. ಪ್ರವೇಶ ಪರೀಕ್ಷೆಯಿಲ್ಲ, ಶುಲ್ಕವಿಲ್ಲ, ವಯಸ್ಸಿನ ಕಟ್ಟಳೆಯೂ ಇಲ್ಲ. ಆ ಪಾಠದಲ್ಲಿ ಪೂರ್ಣಾಂಕ ಗಳಿಸಿದವರು 340 ಮಂದಿ. ಅವರಲ್ಲಿ ಬತ್ತುಶಿಗ್‌ನೂ ಒಬ್ಬ. ಮರುವರ್ಷ ಅವನು ಅದೇ ಸಂಸ್ಥೆಗೆ ವಿದ್ಯಾರ್ಥಿಯಾಗಿ ಸೇರಿದನು.

ಆ ಪಾಠವನ್ನು ಮುಂದೆ ನಿಂತು ನಡೆಸಿದ ಪ್ರಾಧ್ಯಾಪಕರು ನಮ್ಮ ನಾಡಿಗೆ ಅಪರಿಚಿತರಲ್ಲ. ಅನಂತ್ ಅಗರ್ವಾಲ್ ಅವರು ಬೆಳೆದದ್ದು ಮಂಗಳೂರಿನಲ್ಲಿ. ಅಲ್ಲಿನ ಸೇಂಟ್ ಅಲೋಶಿಯಸ್ ಸಂಸ್ಥೆಯಲ್ಲಿ ಓದಿ, ಮದರಾಸಿನ ಐ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಅಮೆರಿಕಕ್ಕೆ ಹೋದವರು. 2017ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಗಂಟೆಗಟ್ಟಲೆಯ ಉಪನ್ಯಾಸವನ್ನು ಒಂದೇ ಸಮನೆ ಕೇಳಿಸುವ ಬದಲು, ಕೆಲವೇ ನಿಮಿಷಗಳ ತುಣುಕುಗಳಾಗಿ ಒಡೆದು, ನಡುನಡುವೆ ಪ್ರಶ್ನೆ ಕೇಳಿ, ಉತ್ತರ ಸರಿಯೋ ತಪ್ಪೋ ಎಂಬುದನ್ನು ಆ ಕ್ಷಣದಲ್ಲೇ ತಿಳಿಸುವ ಕ್ರಮ ಅವರದು. ಮಂಡಲಗಳನ್ನು ತೆರೆಯ ಮೇಲೆಯೇ ಜೋಡಿಸಿ ನೋಡುವ ಪ್ರಯೋಗಶಾಲೆಯೂ ಅದರಲ್ಲಿತ್ತು.

ಇಷ್ಟನ್ನು ಓದಿದವರಿಗೆ ಜ್ಞಾನದ ಕಾಮಧೇನು ಮನೆಯಂಗಳಕ್ಕೇ ಬಂದಿತೆಂಬ ಉತ್ಸಾಹ ಮೂಡುವುದು ಸಹಜ. ಆದರೆ ಅದೇ ಪಾಠದ ಲೆಕ್ಕವನ್ನೂ ನೋಡಬೇಕು. ಹೆಸರು ಬರೆಸಿದವರು ಸುಮಾರು 1,55,000 ಮಂದಿ. ಕೊನೆಯವರೆಗೂ ನಿಂತು ಸರ್ಟಿಫಿಕೇಟು ಪಡೆದವರು 7,157. ನೂರಕ್ಕೆ ಐವರೂ ಇಲ್ಲ! ಉಚಿತವಾಗಿ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂದು ಹಿರಿಯರು ತಲೆಯಾಡಿಸಬಹುದು. ಅವಸರ ಬೇಡ. ಮೊದಲ ಅಭ್ಯಾಸದ ಲೆಕ್ಕಗಳಿಗೆ ಕೈಹಚ್ಚಿದವರೇ ಸುಮಾರು 26,000 ಮಂದಿ ಮಾತ್ರ. ಉಳಿದವರು ಪುಸ್ತಕದಂಗಡಿಯಲ್ಲಿ ನಿಂತು ನಾಲ್ಕು ಪುಟ ತಿರುವಿ ಹೋಗುವವರಂತೆ ಬಂದು ಹೋದವರು. ಅವರನ್ನು ನಪಾಸಾದವರೆಂದು ಎಣಿಸುವುದು ನ್ಯಾಯವಲ್ಲ. ಕೈಹಚ್ಚಿದವರಲ್ಲಿ ನಾಲ್ವರಿಗೊಬ್ಬರಂತೆ ದಡ ಸೇರಿದರೆಂಬುದು ಸಾಮಾನ್ಯವಾದ ಮಾತಲ್ಲ.

ಬತ್ತುಶಿಗ್‌ನ ಕಥೆಯಲ್ಲಿಯೂ ಹೇಳದೆ ಬಿಡಬಾರದ ಒಂದು ಸಂಗತಿಯುಂಟು. ಅವನ ಶಾಲೆಯ ಮುಖ್ಯೋಪಾಧ್ಯಾಯರು ಎಂ.ಐ.ಟಿ.ಯಲ್ಲಿ ಪದವಿ ಪಡೆದ ಮೊದಲ ಮಂಗೋಲಿಯನ್ನರು. ಆ ಪಾಠವನ್ನು ಮಕ್ಕಳ ಮುಂದೆ ತಂದಿಟ್ಟವರು ಅವರು. ಅಮೆರಿಕದಿಂದ ಸಂಶೋಧನ ವಿದ್ಯಾರ್ಥಿಯೊಬ್ಬರು ಪ್ರಯೋಗದ ಉಪಕರಣಗಳನ್ನು ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಬಂದು, ವಾರಗಟ್ಟಲೆ ಅಲ್ಲಿದ್ದು ಮಕ್ಕಳ ಕೈಹಿಡಿದು ನಡೆಸಿದರು. ಹುಡುಗನ ಪ್ರತಿಭೆಗೆ ಇದರಿಂದ ಕುಂದಿಲ್ಲ. ಆದರೆ ಕಂಪ್ಯೂಟರಿನ ಮುಂದೆ ಮಗನನ್ನು ಕೂರಿಸಿ ಬಾಗಿಲೆಳೆದುಕೊಂಡರೆ ವಿದ್ಯೆ ತಾನಾಗಿ ಬರುವುದೆಂದು ಭಾವಿಸುವ ತಂದೆತಾಯಿಗಳು ಈ ಪೆಟ್ಟಿಗೆಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಒಂಟಿಯಾಗಿ ಓದುವುದಕ್ಕಿಂತ ಇಬ್ಬರು ಕೂಡಿ ಓದುವುದು ಲೇಸು; ಅಕ್ಕತಮ್ಮಂದಿರೂ ಆದೀತು, ಅತ್ತೆಸೊಸೆಯರೂ ಆದೀತು.

ಉಚಿತವೆಂಬ ಮಾತಿಗೂ ಒಂದು ಚರಿತ್ರೆಯಿದೆ. ಎಂ.ಐ.ಟಿ. ಮತ್ತು ಹಾರ್ವರ್ಡ್ ವಿಶ್ವವಿದ್ಯಾನಿಲಯಗಳು 2012ರಲ್ಲಿ ಲಾಭದ ಅಪೇಕ್ಷೆಯಿಲ್ಲದೆ ಕಟ್ಟಿದ ‘ಎಡ್‌ಎಕ್ಸ್’ ಸಂಸ್ಥೆಯನ್ನು 2021ರಲ್ಲಿ ‘ಟು ಯು’ ಎಂಬ ಕಂಪೆನಿಯು 80 ಕೋಟಿ ಡಾಲರುಗಳಿಗೆ ಕೊಂಡಿತು. 2024ರಲ್ಲಿ ಆ ಕಂಪೆನಿಯೇ ಸಾಲದ ಭಾರದಿಂದ ನ್ಯಾಯಾಲಯದ ರಕ್ಷಣೆಯನ್ನು ಬೇಡಬೇಕಾಯಿತು. ಇಂಥ ತಾಣಗಳಲ್ಲಿ ಅನೇಕ ಪಾಠಗಳನ್ನು ಈಗಲೂ ಹಣ ಕೊಡದೆ ಕೇಳಬಹುದು. ಸರ್ಟಿಫಿಕೇಟು ಬೇಕೆಂದರೆ ಮಾತ್ರ ಹಣ ತೆರಬೇಕು. ಯಾವುದು ಎಲ್ಲಿಯವರೆಗೆ ಉಚಿತವೆಂಬುದನ್ನು ಮೊದಲೇ ನೋಡಿಕೊಳ್ಳುವುದು ಜಾಣತನ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿಯು 2006ರಲ್ಲಿ ಆರಂಭಿಸಿದ ‘ಓಪನ್‌ಲರ್ನ್’ ಈ ವಿಷಯದಲ್ಲಿ ಉದಾರಿ. ಇತಿಹಾಸ, ಮನಶ್ಶಾಸ್ತ್ರ, ಗಣಿತ, ಸಂಗೀತ, ಖಗೋಳ ಮುಂತಾದ ಹತ್ತಾರು ವಿಷಯಗಳಲ್ಲಿ ಕೆಲವೇ ಗಂಟೆಗಳ ಪಾಠಗಳು ಅಲ್ಲಿವೆ. ಮುಗಿಸಿದವರಿಗೆ ಭಾಗವಹಿಸಿದ್ದಕ್ಕೊಂದು ಪತ್ರವನ್ನೂ ಹಣವಿಲ್ಲದೆ ಕೊಡುತ್ತಾರೆ. ಅದು ಪದವಿಯಲ್ಲ, ಅದರಿಂದ ಕೆಲಸ ಸಿಕ್ಕೀತೆಂಬ ಭರವಸೆಯೂ ಇಲ್ಲ. ಮದುವೆಯ ಕಾರಣದಿಂದ ಕಾಲೇಜು ಬಿಟ್ಟ ಗೃಹಿಣಿಗೆ, ನಿವೃತ್ತರಾದ ಗುಮಾಸ್ತರಿಗೆ ಪದವಿಯ ಹಂಗಾದರೂ ಏಕೆ?

ಉಪನ್ಯಾಸಗಳನ್ನು ಹಳ್ಳಿಗಳಿಗೆ ಒಯ್ದು, ಅವನ್ನೇ ಅಗ್ಗದ ಕಿರುಪುಸ್ತಕಗಳಾಗಿ ಅಚ್ಚುಹಾಕಿಸಿದ ಮೈಸೂರು ವಿಶ್ವವಿದ್ಯಾನಿಲಯದ ಪರಂಪರೆಯನ್ನು ಬಲ್ಲವರಿಗೆ ಈ ವಿಚಾರ ಹೊಸದೆನ್ನಿಸಲಾರದು. ನಮ್ಮ ದೇಶದಲ್ಲಿ ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ 2003ರಲ್ಲಿ ‘ಎನ್.ಪಿ.ಟಿ.ಇ.ಎಲ್.’ ಎಂಬ ಯೋಜನೆಯನ್ನು ಆರಂಭಿಸಿದವು. 2017ರಲ್ಲಿ ಸರ್ಕಾರದ ‘ಸ್ವಯಂ’ ಬಂದಿತು. ನಾಲ್ಕು, ಎಂಟು, ಹನ್ನೆರಡು ವಾರಗಳ ಪಾಠಗಳು ಅಲ್ಲಿವೆ. ಕೇಳುವುದಕ್ಕೆ ಕಾಸಿಲ್ಲ, ಪರೀಕ್ಷೆಗೆ ಕುಳಿತು ಪ್ರಮಾಣಪತ್ರ ಪಡೆಯಬಯಸುವವರು ಮಾತ್ರ ಶುಲ್ಕ ಕಟ್ಟಬೇಕು. ಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆಯೆಂಬುದು ಕೊರತೆಯೇ ಸರಿ. ಆದರೆ ಎನ್.ಪಿ.ಟಿ.ಇ.ಎಲ್.ನ ಹಲವು ಪಾಠಗಳ ಬರೆಹರೂಪವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತಂದಿದ್ದಾರೆ. ಇಂಗ್ಲಿಷಿಗೆ ಅಂಜಿ ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದಲ್ಲೇ ಕಂಗೆಡುವ ನಮ್ಮ ಹುಡುಗ ಹುಡುಗಿಯರು, ಕನ್ನಡದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಉಪನ್ಯಾಸವನ್ನು ಎರಡನೆಯ ಸಲ ಕೇಳಬಹುದು; ಮೂರನೆಯ ಸಲ ಕೇಳಿದರೂ ಗದರುವವರಿಲ್ಲ.